ವೇಗವೂ ಕಾವೂ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಒಡಲಿನ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಅಧಿಕಾರವಿಲ್ಲದ ವಿಷಯಕ್ಕೆ ಕೈಹಾಕಿದೆನೆಂಬ ಅಪವಾದವನ್ನು ಮೊದಲೇ ಒಪ್ಪಿಕೊಂಡು, ಕೈಹಾಕಿದ ಕಾರಣವನ್ನು ಹೇಳಿಬಿಡುತ್ತೇನೆ.

ನಮ್ಮ ಕಾಲೇಜಿನ ಗಣಕ ಕೊಠಡಿಗೆ ಹೊಸ ಯಂತ್ರಗಳನ್ನು ಕೊಳ್ಳಲು ಹಣ ಮಂಜೂರಾಗಿ, ಮೂವರು ವ್ಯಾಪಾರಿಗಳು ದರಪಟ್ಟಿಗಳನ್ನು ಕಳುಹಿಸಿದ್ದರು. ಖರೀದಿ ಸಮಿತಿಯಲ್ಲಿದ್ದ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಒಂದು ಮಧ್ಯಾಹ್ನ ಆ ಪಟ್ಟಿಗಳನ್ನು ನನ್ನ ಮುಂದೆ ಹರಡಿ, "ನೋಡಪ್ಪಾ, ಇವುಗಳಲ್ಲಿ ಯಾವುದು ಮೇಲು? ನಿಮ್ಮ ವಯಸ್ಸಿನವರಿಗೆ ಇವೆಲ್ಲ ಗೊತ್ತಿರುತ್ತದೆ" ಎಂದರು. ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು. ಪ್ರತಿಯೊಂದು ಪಟ್ಟಿಯಲ್ಲಿಯೂ 'ಗಿಗಾಹರ್ಟ್ಸ್' ಎಂಬುದರ ಎದುರಿಗಿದ್ದ ಅಂಕಿಯನ್ನು ನೋಡಿದೆ. ಎಲ್ಲಕ್ಕಿಂತ ದೊಡ್ಡ ಅಂಕಿಯಿದ್ದ ಪಟ್ಟಿಯ ಮೇಲೆ ಬೆರಳಿಟ್ಟು, "ಇದೇ ಸಾರ್" ಎಂದುಬಿಟ್ಟೆ.

ಅದೇ ಸಂಜೆ ಕೊಠಡಿಯಲ್ಲಿ ಈ ಸಂಚಿಕೆಯ ಕೆಲವು ಲೇಖನಗಳ ಬೆರಳಚ್ಚು ನಡೆಯುತ್ತಿತ್ತು. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಯಂತ್ರಗಳಿವೆ. ಮೂಲೆಯಲ್ಲಿರುವ ಹಳೆಯದರ ಮೈಮೇಲೆ ೩ ಗಿಗಾಹರ್ಟ್ಸ್ ಎಂದೂ, ಅದರ ನಂತರ ಬಂದದ್ದರ ಮೇಲೆ ೨.೪ ಗಿಗಾಹರ್ಟ್ಸ್ ಎಂದೂ ಚೀಟಿ ಅಂಟಿಸಿದೆ. ಒಂದೇ ಕಡತವನ್ನು ಎರಡರಲ್ಲಿಯೂ ತೆರೆದಾಗ ಚಿಕ್ಕ ಅಂಕಿಯದು ಮೊದಲು ತೆರೆಯಿತು. ದೊಡ್ಡ ಅಂಕಿಯದು ಗರಗರನೆ ಫ್ಯಾನು ತಿರುಗಿಸುತ್ತ, ಹಿಂಬದಿಯಿಂದ ಒಲೆಯ ಮುಂದೆ ಕುಳಿತಂತೆ ಬಿಸಿಗಾಳಿಯನ್ನೂದುತ್ತ ಇನ್ನೂ ಯೋಚಿಸುತ್ತಿತ್ತು. ಕೊಠಡಿಯ ಅಟೆಂಡರರು ನಗುತ್ತ, "ಅದು ಹಳೇ ಲಾರಿ ಇದ್ದ ಹಾಗೆ. ಸದ್ದು ಜಾಸ್ತಿ, ಓಟ ಕಮ್ಮಿ" ಎಂದರು. ನನಗೆ ನಗು ಬರಲಿಲ್ಲ. ಮಧ್ಯಾಹ್ನ ಬೆರಳಿಟ್ಟು ತೋರಿಸಿದ ಪಟ್ಟಿಯ ನೆನಪಾಯಿತು. ಮರುದಿನ ಮೇಷ್ಟ್ರ ಬಳಿಗೆ ಹೋಗಿ, ತಿಳಿಯದೆ ಹೇಳಿದೆನೆಂದು ಒಪ್ಪಿಕೊಂಡೆ. ಅವರು ಬೇಸರಿಸಲಿಲ್ಲ. "ತಿಳಿದುಕೊಂಡು ಬಂದು ಹೇಳು. ಪಟ್ಟಿಗಳು ಇನ್ನೂ ಹದಿನೈದು ದಿನ ಮೇಜಿನ ಮೇಲಿರುತ್ತವೆ" ಎಂದರು. ಆ ಹದಿನೈದು ದಿನಗಳ ಓದಿನ ಫಲ ಈ ಬರಹ.

ಗಣಕದ ಎಲ್ಲ ಲೆಕ್ಕಾಚಾರವೂ ನಡೆಯುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ನೋಡಲು ಅದು ಉಗುರಿನಷ್ಟಗಲದ ಒಂದು ಸಿಲಿಕಾನ್ ಬಿಲ್ಲೆ. ಬಳಕೆಯ ಮಾತಿನಲ್ಲಿ ಚಿಪ್. ಅದರ ಮೇಲೆ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮವಾದ ಸ್ವಿಚ್ಚುಗಳು ಕೋಟಿಗಟ್ಟಲೆ ಇರುವುವು. ಹತ್ತುವುದು, ಆರುವುದು, ಇವೆರಡರ ಹೊರತು ಆ ಸ್ವಿಚ್ಚುಗಳಿಗೆ ಬೇರೆ ವಿದ್ಯೆ ತಿಳಿಯದು. ಆದರೆ ಇಷ್ಟೊಂದು ಸ್ವಿಚ್ಚುಗಳು ತಮಗೆ ತೋರಿದಾಗ ಹತ್ತಿ ಆರಿದರೆ ಸಂತೆಯ ಗದ್ದಲವಾದೀತೇ ಹೊರತು ಲೆಕ್ಕವಾಗದು. ಆದುದರಿಂದ ಎಲ್ಲವೂ ಒಂದು ತಾಳಕ್ಕೆ ಹೆಜ್ಜೆಯಿಡಬೇಕು. ಆ ತಾಳದ ಮಿಡಿತ ಸೆಕೆಂಡಿಗೆ ಎಷ್ಟು ಎಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುವರು. ಹತ್ತು ಲಕ್ಷ ಮಿಡಿತಕ್ಕೆ ಒಂದು ಮೆಗಾಹರ್ಟ್ಸ್, ನೂರು ಕೋಟಿಗೆ ಒಂದು ಗಿಗಾಹರ್ಟ್ಸ್. ಮೂರು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಮುನ್ನೂರು ಕೋಟಿ ಮಿಡಿತ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಕೂಡ ಅಂತಹ ಎರಡು ಮಿಡಿತಗಳ ನಡುವೆ ಹತ್ತು ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗೂ ಕಡಮೆ ದೂರವನ್ನು ಮಾತ್ರ ಸಾಗಬಲ್ಲುದು.

ಹಾಗಾದರೆ ಹೆಚ್ಚು ಮಿಡಿತವೆಂದರೆ ಹೆಚ್ಚು ಕೆಲಸವೇ? ನಾನು ಎಡವಿದ್ದು ಇಲ್ಲಿಯೇ. ತಾರಸಿಗೆ ಕಾಂಕ್ರೀಟು ಹಾಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೆಳಗಿನಿಂದ ಮೇಲಿನವರೆಗೆ ಆಳುಗಳು ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವರು. ಹತ್ತು ಜನರಿದ್ದರೆ ಒಬ್ಬೊಬ್ಬರೂ ತುಸು ದೂರ ಬಾಗಿ, ಎತ್ತಿ, ಚಾಚಿ ಕೊಡಬೇಕಾಗುವುದರಿಂದ ತಾಳ ನಿಧಾನ. ಅದೇ ದೂರಕ್ಕೆ ಇಪ್ಪತ್ತು ಜನರನ್ನು ನಿಲ್ಲಿಸಿದರೆ ಒಬ್ಬೊಬ್ಬರ ಕೆಲಸವೂ ಅರ್ಧವಾಗಿ, ತಾಳವನ್ನು ಇಮ್ಮಡಿ ಮಾಡಬಹುದು. ಪ್ರೊಸೆಸರಿನೊಳಗೂ ಇಂತಹದೇ ಸಾಲು ಇದೆ. ಒಂದು ಆಜ್ಞೆಯನ್ನು ತರುವುದು, ಅದರ ಅರ್ಥವನ್ನು ಬಿಡಿಸುವುದು, ಬೇಕಾದ ಅಂಕಿಗಳನ್ನು ಒದಗಿಸುವುದು, ಕೂಡುವುದು, ಉತ್ತರವನ್ನು ಬರೆದಿಡುವುದು, ಹೀಗೆ ಕೆಲಸವನ್ನು ಹಂತಗಳಾಗಿ ಕತ್ತರಿಸಿರುತ್ತಾರೆ. ಹಂತಗಳು ಹೆಚ್ಚಿದಷ್ಟೂ ಮಿಡಿತವನ್ನು ಹೆಚ್ಚಿಸಬಹುದು. ಹೊರಗಿನ ಚೀಟಿಯಲ್ಲಿ ದೊಡ್ಡ ಅಂಕಿಯನ್ನು ಅಚ್ಚು ಹಾಕಿಸಬಹುದು.

ತೊಡಕಿರುವುದು ಮೇಲೆ ನಿಂತ ಮೇಸ್ತ್ರಿಯಲ್ಲಿ. ಮುಂದೆ ಅವನು ಕಾಂಕ್ರೀಟು ಕೇಳುವನೋ, ಬರಿಯ ಗಾರೆ ಕೇಳುವನೋ ಕೆಳಗಿನವರಿಗೆ ತಿಳಿಯದು. ಅವನು ಕೇಳುವವರೆಗೆ ಕಾದರೆ ಸಾಲು ಬರಿದಾಗಿ ನಿಲ್ಲುತ್ತದೆ. ಆದ್ದರಿಂದ ಊಹೆಯ ಮೇಲೆ ಕಳುಹಿಸುತ್ತಲೇ ಇರುತ್ತಾರೆ. ಊಹೆ ತಪ್ಪಿದರೆ? ಸಾಲಿನಲ್ಲಿರುವ ಬಾಂಡ್ಲಿಗಳನ್ನೆಲ್ಲ ಚೆಲ್ಲಿ ಮೊದಲಿನಿಂದ ತುಂಬಬೇಕು. ಹತ್ತು ಜನರ ಸಾಲಿನಲ್ಲಿ ಹತ್ತು ಬಾಂಡ್ಲಿ ನಷ್ಟ, ಮೂವತ್ತರ ಸಾಲಿನಲ್ಲಿ ಮೂವತ್ತು. 'ಹೀಗಿದ್ದರೆ ಇದನ್ನು ಮಾಡು, ಇಲ್ಲವಾದರೆ ಅದನ್ನು ಮಾಡು' ಎಂಬ ಆಜ್ಞೆ ಬಂದಾಗಲೆಲ್ಲ ಪ್ರೊಸೆಸರಿಗೂ ಈ ಊಹೆಯ ಪ್ರಸಂಗ ಒದಗುತ್ತದೆ. ಆದಕಾರಣ ಮಿಡಿತವೆಷ್ಟು ಎಂಬುದರ ಜೊತೆಗೆ, ಮಿಡಿತವೊಂದಕ್ಕೆ ಮುಗಿಯುವ ಕೆಲಸವೆಷ್ಟು ಎಂದೂ ಕೇಳಬೇಕು. ಎರಡನ್ನು ಗುಣಿಸಿದರೆ ಬರುವುದು ನಿಜವಾದ ವೇಗ. ವ್ಯಾಪಾರಿಯ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ಇತ್ತು.

ಇನ್ನು ಕಾವಿನ ವಿಷಯ. ಒಂದು ಸ್ವಿಚ್ಚು ಹತ್ತಿ ಆರುವುದೆಂದರೆ ಒಂದು ಪುಟ್ಟ ಲೋಟದಲ್ಲಿ ವಿದ್ಯುತ್ತನ್ನು ತುಂಬಿ ಚೆಲ್ಲಿದಂತೆ. ಚೆಲ್ಲಿದ ಶಕ್ತಿ ಎಲ್ಲಿಗೂ ಹೋಗದು, ಶಾಖವಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಚೆಲ್ಲುವೆವೋ ಶಾಖ ಅಷ್ಟು ಪಾಲು. ಆದರೆ ವಿದ್ಯುತ್ತಿನ ಒತ್ತಡ, ಎಂದರೆ ವೋಲ್ಟೇಜು, ಹೆಚ್ಚಿದರೆ ಶಾಖ ಅದರ ವರ್ಗದಷ್ಟು ಏರುತ್ತದೆ. ಸ್ವಿಚ್ಚುಗಳು ಬೇಗ ಬೇಗ ಹತ್ತಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುವುದು. ಒಂದು ಲೆಕ್ಕ ಮಾಡಿ ನೋಡೋಣ. ಮಿಡಿತವನ್ನು ನೂರಕ್ಕೆ ೨೦ರಷ್ಟು ಏರಿಸಿ, ಅದಕ್ಕಾಗಿ ವೋಲ್ಟೇಜನ್ನೂ ೨೦ರಷ್ಟು ಏರಿಸಿದೆವೆನ್ನಿ. ೧.೨ನ್ನು ಮೂರು ಸಲ ಗುಣಿಸಿದರೆ ೧.೭೨೮. ನೂರಕ್ಕೆ ಇಪ್ಪತ್ತರ ವೇಗಕ್ಕೆ ನೂರಕ್ಕೆ ಎಪ್ಪತ್ತಮೂರರ ಬೆಂಕಿ! ಇದೇ ಲೆಕ್ಕವನ್ನು ಕೆಳಮುಖವಾಗಿ ಮಾಡಿದರೆ ಇನ್ನೊಂದು ಸೋಜಿಗ ಕಾಣುವುದು: ಎರಡನ್ನೂ ೨೦ರಷ್ಟು ಇಳಿಸಿದರೆ ಶಾಖ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಈ ಎರಡನೆಯ ಲೆಕ್ಕವನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಕಥೆಯ ತಿರುವು ಅದರ ಮೇಲೆ ನಿಂತಿದೆ.

ಕಥೆಯಲ್ಲಿ ಮುಖ್ಯವಾದ ಪಾತ್ರಗಳು ಎರಡು, ಇಂಟೆಲ್ ಮತ್ತು ಎ.ಎಂ.ಡಿ. ಎಂಬ ಅಮೆರಿಕದ ಕಂಪೆನಿಗಳು. ಇವೆರಡೂ ಒಂದೇ ಮನೆಯಿಂದ ಬೇರೆಯಾದ ದಾಯಾದಿಗಳೆಂಬುದು ಗಮನಿಸತಕ್ಕ ಸಂಗತಿ. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪೆನಿಯನ್ನು ಬಿಟ್ಟ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಇಬ್ಬರೂ ೧೯೬೮ರಲ್ಲಿ ಇಂಟೆಲನ್ನು ಸ್ಥಾಪಿಸಿದರು. ಅದೇ ಫೇರ್‌ಚೈಲ್ಡಿನಲ್ಲಿ ಮಾರಾಟದ ಅಧಿಕಾರಿಯಾಗಿದ್ದ ಜೆರ್ರಿ ಸ್ಯಾಂಡರ್ಸ್ ಕೆಲವು ಸಹೋದ್ಯೋಗಿಗಳೊಡನೆ ೧೯೬೯ರಲ್ಲಿ ಎ.ಎಂ.ಡಿ.ಯನ್ನು ಆರಂಭಿಸಿದರು. ೧೯೭೧ರಲ್ಲಿ ಇಂಟೆಲ್, ಜಪಾನಿನ ಬಿಸಿಕಾಂ ಎಂಬ ಲೆಕ್ಕಯಂತ್ರದ ಕಂಪೆನಿಗಾಗಿ ಮಾಡಿದ್ದ ೪೦೦೪ ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಇದ್ದದ್ದು ೨,೩೦೦ ಟ್ರಾನ್ಸಿಸ್ಟರು, ಸೆಕೆಂಡಿಗೆ ಸುಮಾರು ಏಳೂವರೆ ಲಕ್ಷ ಮಿಡಿತ.

ಎರಡು ಕಂಪೆನಿಗಳನ್ನು ಕಟ್ಟಿಹಾಕಿದ್ದು ಮೂರನೆಯದು. ೧೯೮೧ರಲ್ಲಿ ಐ.ಬಿ.ಎಂ. ತನ್ನ ಖಾಸಗಿ ಬಳಕೆಯ ಗಣಕವನ್ನು ಹೊರತಂದಾಗ ಇಂಟೆಲಿನ ೮೦೮೮ ಪ್ರೊಸೆಸರನ್ನು ಆರಿಸಿಕೊಂಡಿತು, ಮಿಡಿತ ೪.೭೭ ಮೆಗಾಹರ್ಟ್ಸ್. ಆದರೆ ಒಬ್ಬನೇ ಅಂಗಡಿಯವನನ್ನು ನಂಬಿ ಮದುವೆಯ ಅಡಿಗೆಗೆ ಇಳಿಯುವುದು ಜಾಣತನವಲ್ಲ. ಇಂಟೆಲಿನ ಕಾರ್ಖಾನೆಯಲ್ಲಿ ತೊಂದರೆಯಾದರೂ ಚಿಪ್ಪು ಬರುತ್ತಿರಬೇಕು, ಅದಕ್ಕೆ ಎರಡನೆಯ ತಯಾರಕನಿರಬೇಕು ಎಂದು ಐ.ಬಿ.ಎಂ. ಬಯಸಿತು. ೧೯೮೨ರಲ್ಲಿ ಇಂಟೆಲೂ ಎ.ಎಂ.ಡಿ.ಯೂ ಒಪ್ಪಂದ ಮಾಡಿಕೊಂಡುವು, ಎ.ಎಂ.ಡಿ.ಗೆ ಇಂಟೆಲಿನ ಚಿಪ್ಪುಗಳನ್ನು ತಯಾರಿಸುವ ಹಕ್ಕು ಬಂತು. ಪೈಪೋಟಿಯೆಂಬುದು ಇಲ್ಲಿ ಗಿರಾಕಿಯ ಪಟ್ಟಿನಿಂದ ಹುಟ್ಟಿತೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

೧೯೮೫ರಲ್ಲಿ ೩೮೬ ಎಂಬ ಚಿಪ್ಪು ಬಂದಾಗ ಇಂಟೆಲ್ ಅದರ ವಿನ್ಯಾಸವನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ವ್ಯಾಜ್ಯ ಶುರುವಾಯಿತು. ವ್ಯಾಜ್ಯ ನಡೆಯುತ್ತಿರುವಾಗಲೇ ೧೯೯೧ರಲ್ಲಿ ಎ.ಎಂ.ಡಿ. ತನ್ನದೇ ೩೮೬ನ್ನು ತಂದಿತು. ಇಂಟೆಲಿನದು ೩೩ ಮೆಗಾಹರ್ಟ್ಸಿಗೆ ನಿಂತಿದ್ದರೆ ಇದು ೪೦ಕ್ಕೆ ಹೋಯಿತು. ಬರಿಯ ಅಂಕಿಯನ್ನು ಯಾರೂ ತಮ್ಮ ವ್ಯಾಪಾರಮುದ್ರೆಯೆಂದು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಕಂಡಮೇಲೆ, ಇಂಟೆಲ್ ೧೯೯೩ರ ತನ್ನ ಹೊಸ ಚಿಪ್ಪಿಗೆ ೫೮೬ ಎನ್ನದೆ ಪೆಂಟಿಯಂ ಎಂದು ನಾಮಕರಣ ಮಾಡಿತು. ಆ ಪೆಂಟಿಯಂ ಯೋಜನೆಯ ಮುಂದಾಳುಗಳಲ್ಲಿ ದೆಹಲಿಯಲ್ಲಿ ಇಂಜಿನಿಯರಿಂಗ್ ಓದಿದ ವಿನೋದ್ ಧಾಮ್ ಒಬ್ಬರು. ಅವರು ಮುಂದೆ ಇಂಟೆಲನ್ನು ಬಿಟ್ಟು ನೆಕ್ಸ್‌ಜೆನ್ ಎಂಬ ಚಿಕ್ಕ ಕಂಪೆನಿಗೆ ಹೋದರು, ಅದನ್ನು ಎ.ಎಂ.ಡಿ. ಕೊಂಡುಕೊಂಡಿತು, ಆ ಕಂಪೆನಿಯ ವಿನ್ಯಾಸದಿಂದ ೧೯೯೭ರಲ್ಲಿ ಎ.ಎಂ.ಡಿ.ಯ ಕೆ೬ ಎಂಬ ಚಿಪ್ಪು ಹೊರಬಂದು ಪೆಂಟಿಯಂಗೇ ಎದುರಾಳಿಯಾಯಿತು. ದ್ರೋಣರು ಎರಡು ಪಕ್ಷದವರಿಗೂ ಬಿಲ್ವಿದ್ಯೆ ಕಲಿಸಿದಂತಾಯಿತು.

ಪಂದ್ಯ ಕಾವೇರಿದ್ದು ೧೯೯೯ರಿಂದ ಈಚೆಗೆ. ಆ ವರ್ಷ ಎ.ಎಂ.ಡಿ. ಅಥ್ಲಾನ್ ಎಂಬ ಪ್ರೊಸೆಸರನ್ನು ತಂದಿತು. ಅಲ್ಲಿಯವರೆಗೆ ಅಗ್ಗದ ಸರಕಿನವನೆಂಬ ಹೆಸರಿದ್ದ ಎ.ಎಂ.ಡಿ. ಆಗ ನಿಜವಾಗಿ ಹೆಗಲೆಣೆಗೆ ಬಂತು. ಒಂದು ಗಿಗಾಹರ್ಟ್ಸ್ ಎಂಬ ಗೆರೆಯನ್ನು ಮೊದಲು ಮುಟ್ಟುವವರಾರು ಎಂದು ಎಲ್ಲರೂ ಕಾಯುತ್ತಿದ್ದರು. ೨೦೦೦ದ ಮಾರ್ಚಿ ೬ರಂದು ಎ.ಎಂ.ಡಿ. ತಾನು ಮುಟ್ಟಿದೆನೆಂದು ಸಾರಿತು. ಎರಡೇ ದಿನಗಳ ಮೇಲೆ, ಮಾರ್ಚಿ ೮ರಂದು, ಇಂಟೆಲ್ ತನ್ನ ಪೆಂಟಿಯಂ ೩ ಕೂಡ ಮುಟ್ಟಿತೆಂದು ಸಾರಿತು. ಗೆದ್ದವನ ಹಿಂದೆಯೇ ಓಡುವುದು ಇಂಟೆಲಿಗೆ ಸಹನೆಯಾಗಲಿಲ್ಲವೆಂದು ತೋರುತ್ತದೆ. ಅದೇ ವರ್ಷ ಜುಲೈ ಕೊನೆಯಲ್ಲಿ ೧.೧೩ ಗಿಗಾಹರ್ಟ್ಸಿನ ಪೆಂಟಿಯಂ ೩ನ್ನು ಹೊರಡಿಸಿತು. ಪರೀಕ್ಷಿಸಿದ ಪತ್ರಕರ್ತರು ಅದು ಕೆಲವು ಕೆಲಸಗಳಲ್ಲಿ ತಪ್ಪುವುದನ್ನೂ ನಿಂತುಬಿಡುವುದನ್ನೂ ತೋರಿಸಿಕೊಟ್ಟರು. ಆಗಸ್ಟ್ ಕೊನೆಯ ವೇಳೆಗೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಆ ವರ್ಷದ ನವೆಂಬರಿನಲ್ಲಿಯೇ ಪೆಂಟಿಯಂ ೪ ಬಂತು. ಇದರ ವಿನ್ಯಾಸದ ಉದ್ದೇಶವೇ ಮಿಡಿತವನ್ನು ಏರಿಸುವುದು. ಪೆಂಟಿಯಂ ೩ರ ಸಾಲಿನಲ್ಲಿ ಹತ್ತು ಹಂತಗಳಿದ್ದರೆ ಇದರಲ್ಲಿ ಇಪ್ಪತ್ತು. ಮೊದಲ ದಿನವೇ ೧.೫ ಗಿಗಾಹರ್ಟ್ಸ್, ಆದರೂ ಕೆಲವು ಕೆಲಸಗಳಲ್ಲಿ ಒಂದು ಗಿಗಾಹರ್ಟ್ಸಿನ ಪೆಂಟಿಯಂ ೩ ತನ್ನ ತಮ್ಮನನ್ನೇ ಸೋಲಿಸಿತು. ನಮ್ಮ ಕೊಠಡಿಯ ಒಗಟಿಗೆ ಉತ್ತರ ಇಲ್ಲಿದೆ. ಆದರೆ ಕೊಳ್ಳುವ ಜನ ಸಾಲಿನ ಉದ್ದವನ್ನು ಕೇಳುವರೇ? ಅಂಕಿಯನ್ನು ಕೇಳುವರು. ೨೦೦೧ರ ಆಗಸ್ಟಿನಲ್ಲಿ ೨ ಗಿಗಾಹರ್ಟ್ಸ್, ೨೦೦೨ರ ನವೆಂಬರಿನಲ್ಲಿ ೩.೦೬. ಈ ಅಂಕಿಯ ಮೋಹವನ್ನು ಬಿಡಿಸಲಾರದೆ ಎ.ಎಂ.ಡಿ. ೨೦೦೧ರ ಅಕ್ಟೋಬರಿನಲ್ಲಿ ಒಂದು ಉಪಾಯ ಹೂಡಿತು. ೧.೫೩ ಗಿಗಾಹರ್ಟ್ಸಿನ ತನ್ನ ಚಿಪ್ಪಿಗೆ ೧೮೦೦+ ಎಂದು ಹೆಸರಿಟ್ಟಿತು. ಹೆಸರನ್ನು ನೋಡಿದವನು ಅದನ್ನು ೧.೮ ಗಿಗಾಹರ್ಟ್ಸಿಗೆ ಸರಿಸಮವೆಂದುಕೊಳ್ಳಲಿ ಎಂಬ ಆಶಯ. ಅದರಲ್ಲಿ ಸತ್ಯವಿರಲಿಲ್ಲವೆನ್ನಲಾರೆ, ಆ ಚಿಪ್ಪು ನಿಜವಾಗಿಯೂ ಅಷ್ಟು ಕೆಲಸ ಮಾಡುತ್ತಿತ್ತು. ಆದರೂ ಎದುರಾಳಿಯ ಅಳತೆಗೋಲನ್ನು ಸುಳ್ಳೆನ್ನುತ್ತಲೇ ಅದರಿಂದಲೇ ತನ್ನನ್ನು ಅಳೆದು ತೋರಿಸಬೇಕಾದ ಪಾಡು ನನಗೆ ವಿಚಿತ್ರವಾಗಿ ಕಂಡಿತು. ಶೇಕಡಾವಾರು ಅಂಕಗಳನ್ನು ಬಯ್ಯುತ್ತಲೇ ನಾವೂ ಅರ್ಜಿಯಲ್ಲಿ ಅವನ್ನೇ ದಪ್ಪಕ್ಷರದಲ್ಲಿ ಬರೆಯುವುದಿಲ್ಲವೇ?

ಇಷ್ಟು ವರ್ಷ ಈ ಓಟ ಬೆಂಕಿ ಹೊತ್ತಿಸದೆ ಸಾಗಿದ್ದಾದರೂ ಹೇಗೆ? ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ೧೯೭೪ರಲ್ಲಿಯೇ ಇದನ್ನು ವಿವರಿಸಿದ್ದರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುತ್ತ ಹೋದಂತೆ ಅದರ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಸ್ವಿಚ್ಚುಗಳು ಹೆಚ್ಚು ವೇಗದಿಂದ ಮಿಡಿದರೂ ಒಂದು ಚದರ ಅಳತೆಯ ಶಾಖ ಹಾಗೆಯೇ ಉಳಿಯುತ್ತದೆ. ಮೂರು ದಶಕಗಳ ಕಾಲ ತಯಾರಕರು ಈ ವರದ ಬಲದಿಂದ ಬಾಳಿದರು. ವರಕ್ಕೂ ಒಂದು ಎಲ್ಲೆಯಿತ್ತು. ೨೦೦೦ದ ದಶಕದಲ್ಲಿ ಟ್ರಾನ್ಸಿಸ್ಟರಿನ ಒಳಗಿನ ತಡೆಪದರ ಕೆಲವೇ ಅಣುಗಳಷ್ಟು ತೆಳುವಾಯಿತು. ಆರಿಸಿದ ಸ್ವಿಚ್ಚಿನಿಂದಲೂ ವಿದ್ಯುತ್ತು, ಸವೆದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ, ಸೋರತೊಡಗಿತು. ವೋಲ್ಟೇಜನ್ನು ಇನ್ನೂ ಇಳಿಸಿದರೆ ಸೋರಿಕೆ ಹೆಚ್ಚುವುದು. ಇಳಿಸದಿದ್ದರೆ ಕಾವು ಹೆಚ್ಚುವುದು. ಇಂಟೆಲಿನ ಪ್ಯಾಟ್ ಗೆಲ್ಸಿಂಗರ್ ೨೦೦೧ರಲ್ಲಿಯೇ ಇಂಜಿನಿಯರುಗಳ ಸಭೆಯೊಂದರಲ್ಲಿ, ಹೀಗೆಯೇ ಸಾಗಿದರೆ ಚಿಪ್ಪಿನ ಮೈಯ ಶಾಖದ ಸಾಂದ್ರತೆ ಕೆಲವು ವರ್ಷಗಳಲ್ಲಿ ಪರಮಾಣು ರಿಯಾಕ್ಟರಿನಷ್ಟು, ಆಮೇಲೆ ರಾಕೆಟ್ಟಿನ ಮೂತಿಯಷ್ಟು, ಕೊನೆಗೆ ಸೂರ್ಯನ ಮೇಲ್ಮೈಯಷ್ಟು ಆದೀತೆಂದು ಎಚ್ಚರಿಸಿದ್ದರು. ಎಚ್ಚರಿಸಿದ್ದು ಸ್ವಂತ ಕಂಪೆನಿಯವರೇ. ಓಟ ಮಾತ್ರ ನಿಲ್ಲಲಿಲ್ಲ.

೨೦೦೪ರ ಫೆಬ್ರವರಿಯಲ್ಲಿ ಪ್ರೆಸ್ಕಾಟ್ ಎಂಬ ಹೊಸ ಪೆಂಟಿಯಂ ೪ ಬಂತು. ಇದರ ಸಾಲು ಮೂವತ್ತೊಂದು ಹಂತಗಳದು. ವರ್ಷದ ಕೊನೆಯಲ್ಲಿ ಇದರ ೩.೮ ಗಿಗಾಹರ್ಟ್ಸಿನ ಚಿಪ್ಪು ೧೧೫ ವ್ಯಾಟ್ ಶಾಖದ ಲೆಕ್ಕದಲ್ಲಿ ಹೊರಬಂತು. ನೂರು ವ್ಯಾಟಿನ ಹಳೆಯ ಬಲ್ಬಿನಷ್ಟು ತಾನೆ ಎಂದು ತಳ್ಳಿಹಾಕಬೇಡಿ. ಚಿಪ್ಪಿನ ಅಗಲ ಒಂದು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳ ಇನ್ನೂರು ಚದರ ಸೆಂಟಿಮೀಟರ್ ಇದೆಯೆಂದಿಟ್ಟುಕೊಂಡರೂ ಚದರ ಸೆಂಟಿಮೀಟರಿಗೆ ಐದು ವ್ಯಾಟು. ಚಿಪ್ಪಿನಲ್ಲಿ ನೂರು. ಇಸ್ತ್ರಿಪೆಟ್ಟಿಗೆಯ ಇಪ್ಪತ್ತರಷ್ಟು! ಆ ಶಾಖವನ್ನು ಕ್ಷಣಕ್ಷಣವೂ ಹೊರಸಾಗಿಸಲು ಲೋಹದ ರೆಕ್ಕೆಗಳೂ ಫ್ಯಾನೂ ಇರದಿದ್ದರೆ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುವುದು, ಇಲ್ಲವೆ ಯಂತ್ರ ನಿಂತುಹೋಗುವುದು. ಚೈತ್ರ ವೈಶಾಖದ ನಮ್ಮ ಕೊಠಡಿಯಲ್ಲಿ ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಏನಾಗುವುದೆಂಬುದಕ್ಕೆ ಪುಸ್ತಕ ನೋಡಬೇಕಾಗಿಲ್ಲ.

ಇಂಟೆಲ್ ೪ ಗಿಗಾಹರ್ಟ್ಸಿನ ಪೆಂಟಿಯಂ ೪ನ್ನು ತರುವೆನೆಂದು ಮಾತು ಕೊಟ್ಟಿತ್ತು. ೨೦೦೪ರ ಮೇ ತಿಂಗಳಲ್ಲಿ ಮುಂದಿನ ತಲೆಮಾರಿನ ಟೆಹಾಸ್ ಎಂಬ ಯೋಜನೆಯನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ ಆ ೪ ಗಿಗಾಹರ್ಟ್ಸಿನ ಚಿಪ್ಪನ್ನೂ ಕೈಬಿಟ್ಟಿತು. ಅದೇ ತಿಂಗಳು ಸಭೆಯೊಂದರಲ್ಲಿ ಕಂಪೆನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ಹಾಸ್ಯಕ್ಕಾಗಿ ಮಂಡಿಯೂರಿ ಕ್ಷಮೆ ಬೇಡಿದರು. ಹಾಸ್ಯವಾದರೂ ಮಂಡಿ ಮಂಡಿಯೇ. ಮೂವತ್ತು ವರ್ಷಗಳ ಓಟವೊಂದು ಒಂದು ಅಂಕಿಯ ಹೊಸ್ತಿಲಲ್ಲಿ ನಿಂತುಬಿಟ್ಟಿತ್ತು.

ಈಗ ಮೇಲಿನ ಎರಡನೆಯ ಲೆಕ್ಕಕ್ಕೆ ಬರೋಣ. ಮಿಡಿತ, ವೋಲ್ಟೇಜುಗಳನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಶಾಖ ಅರ್ಧ. ಹಾಗಾದರೆ ಅಂತಹ ಎರಡು ಮಿದುಳುಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದರೆ? ಮೊದಲಿದ್ದಷ್ಟೇ ಶಾಖದಲ್ಲಿ ೦.೮ರ ಎರಡರಷ್ಟು, ಅಂದರೆ ಒಂದಕ್ಕೆ ೧.೬ರಷ್ಟು ಕೆಲಸ. ಈ ಮಿದುಳುಗಳಿಗೆ ಕೋರ್ ಎಂದು ಹೆಸರು. ೨೦೦೫ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡೂ ಕಂಪೆನಿಗಳು ಎರಡು ಕೋರಿನ ಚಿಪ್ಪುಗಳನ್ನು ಹೊರಡಿಸಿದುವು. ಇದರಲ್ಲಿಯೂ ಒಂದು ತೊಡಕಿದೆ: ಕೆಲಸವನ್ನು ಇಬ್ಬರಿಗೆ ಹಂಚಲು ಬರಬೇಕು. ಇಬ್ಬರು ಕೂಡಿ ಗೋಡೆಯನ್ನು ಬೇಗ ಕಟ್ಟಬಹುದು. ಇಬ್ಬರು ಕೂಡಿ ಒಂದು ಸೂಜಿಗೆ ದಾರ ಪೋಣಿಸಲಾಗದು. ಅಲ್ಲಿಯವರೆಗೆ ಚಿಪ್ಪು ವೇಗವಾದಂತೆ ಹಳೆಯ ಕಾರ್ಯಕ್ರಮಗಳೂ ತಾವಾಗಿಯೇ ವೇಗವಾಗುತ್ತಿದ್ದುವು. ಆ ಪುಕ್ಕಟೆ ಊಟ ಅಂದಿಗೆ ಮುಗಿದು, ಕಾರ್ಯಕ್ರಮ ಬರೆಯುವವರ ತಲೆಗೆ ಕೆಲಸ ಬಂತು.

ಸೋತ ಇಂಟೆಲನ್ನು ಎತ್ತಿ ನಿಲ್ಲಿಸಿದವರು ಇಸ್ರೇಲಿನ ಹೈಫಾದಲ್ಲಿದ್ದ ಅದರದೇ ಇಂಜಿನಿಯರುಗಳು. ಮಡಿಲಿನ ಮೇಲಿಟ್ಟುಕೊಳ್ಳುವ ಗಣಕಕ್ಕೆ ಬ್ಯಾಟರಿ ಬೇಗ ಮುಗಿಯಬಾರದೆಂಬ ಒಂದೇ ಚಿಂತೆಯಿಂದ ಅವರು ಪೆಂಟಿಯಂ ಎಂ ಎಂಬ ಚಿಪ್ಪನ್ನು ೨೦೦೩ರಲ್ಲಿ ಸಿದ್ಧಪಡಿಸಿದ್ದರು. ಮಿಡಿತ ಕಡಮೆ, ಮಿಡಿತಕ್ಕೆ ಕೆಲಸ ಹೆಚ್ಚು. ಆ ದಾರಿಯನ್ನೇ ಮುಂದುವರಿಸಿ ೨೦೦೬ರ ಜುಲೈಯಲ್ಲಿ ಕೋರ್ ೨ ಡ್ಯುಯೋ ಬಂತು. ೨.೪ ಗಿಗಾಹರ್ಟ್ಸಿನ ಅದರ ಚಿಪ್ಪಿಗೆ ಶಾಖದ ಲೆಕ್ಕ ೬೫ ವ್ಯಾಟು, ೩.೮ ಗಿಗಾಹರ್ಟ್ಸಿನ ಹಿರಿಯಣ್ಣನನ್ನು ಅದು ಸುಲಭವಾಗಿ ಹಿಂದಿಕ್ಕಿತು. ಇಂಟೆಲ್ ಐದು ವರ್ಷ ಜನರಿಗೆ ಬೋಧಿಸಿದ್ದ ಪಾಠವನ್ನು ಇಂಟೆಲೇ ಅಳಿಸಿ ಬರೆಯಬೇಕಾಯಿತು.

ನಡುವೆ ನ್ಯಾಯಾಲಯದ ಅಧ್ಯಾಯವೂ ಉಂಟು. ಗಣಕ ತಯಾರಕರಿಗೆ ರಿಯಾಯಿತಿಗಳ ಆಸೆ ತೋರಿಸಿ ತನ್ನ ಚಿಪ್ಪನ್ನು ಕೊಳ್ಳದಂತೆ ಇಂಟೆಲ್ ತಡೆಯಿತೆಂದು ಎ.ಎಂ.ಡಿ. ೨೦೦೫ರಲ್ಲಿ ದಾವೆ ಹೂಡಿತು. ೨೦೦೯ರ ನವೆಂಬರಿನಲ್ಲಿ ಇಂಟೆಲ್ ೧೨೫ ಕೋಟಿ ಡಾಲರು ಕೊಟ್ಟು ರಾಜಿಯಾಯಿತು. ಅದೇ ವರ್ಷ ಐರೋಪ್ಯ ಆಯೋಗ ವಿಧಿಸಿದ ೧೦೬ ಕೋಟಿ ಯೂರೋ ದಂಡವನ್ನು ಅಲ್ಲಿನ ನ್ಯಾಯಾಲಯ ೨೦೨೨ರಲ್ಲಿ ರದ್ದುಪಡಿಸಿತು. ೨೦೨೩ರಲ್ಲಿ ಆಯೋಗ ಚಿಕ್ಕ ಮೊತ್ತದ ದಂಡವನ್ನು ಹೊಸದಾಗಿ ವಿಧಿಸಿತು. ವೇಗದ ಈ ಉದ್ಯಮದಲ್ಲಿ ವ್ಯಾಜ್ಯದ ವೇಗ ಮಾತ್ರ ನಮ್ಮ ಕಂದಾಯದ ಕಚೇರಿಗಳನ್ನು ನಾಚಿಸುವಂತಿಲ್ಲ.

ಎ.ಎಂ.ಡಿ.ಯನ್ನು ನೊಂದವನೆಂದು ಮಾತ್ರ ಚಿತ್ರಿಸಿದರೆ ಅನ್ಯಾಯವಾದೀತು. ಎದುರಾಳಿ ಬಿದ್ದ ಹೊಂಡಕ್ಕೆ ಅದೂ ಬಿತ್ತು. ೨೦೧೧ರ ಅದರ ಬುಲ್‌ಡೋಜರ್ ವಿನ್ಯಾಸ ಮಿಡಿತವನ್ನು ನಂಬಿ, ಮಿಡಿತಕ್ಕೆ ಆಗುವ ಕೆಲಸವನ್ನು ಕಡೆಗಣಿಸಿತು. ಆ ಕುಲದ ೨೦೧೩ರ ಚಿಪ್ಪೊಂದು ೫ ಗಿಗಾಹರ್ಟ್ಸ್ ಮುಟ್ಟಿತು, ೨೨೦ ವ್ಯಾಟ್ ಕಾವಿನೊಡನೆ. ಕಡಮೆ ಮಿಡಿತದ ಇಂಟೆಲ್ ಚಿಪ್ಪುಗಳು ಅದನ್ನು ಸೋಲಿಸುತ್ತಿದ್ದುವು. ಹತ್ತು ವರ್ಷ ಹಿಂದಿನ ನಾಟಕವನ್ನೇ ವೇಷ ಬದಲಿಸಿ ಆಡಿದಂತಿತ್ತು. ೨೦೧೪ರಲ್ಲಿ ಲೀಸಾ ಸೂ ಎಂಬ ಮಹಿಳೆ ಕಂಪೆನಿಯ ಮುಖ್ಯಸ್ಥೆಯಾದರು. ೨೦೧೭ರ ಮಾರ್ಚಿಯಲ್ಲಿ ರೈಜನ್ ಬಂತು: ಎಂಟು ಕೋರಿನ ಚಿಪ್ಪು, ೯೫ ವ್ಯಾಟು, ೪೯೯ ಡಾಲರು. ಆಗ ಇಂಟೆಲಿನ ಎಂಟು ಕೋರಿನ ಚಿಪ್ಪಿಗೆ ಸಾವಿರ ಡಾಲರಿಗೂ ಮಿಗಿಲಾದ ಬೆಲೆಯಿತ್ತು. ಎದುರಾಳಿಯಿಲ್ಲದ ವರ್ಷಗಳಲ್ಲಿ ಸಾಧಾರಣ ಗಿರಾಕಿಗೆ ನಾಲ್ಕೇ ಕೋರು ಸಾಕೆಂದು ಕುಳಿತಿದ್ದ ಇಂಟೆಲ್ ಅದೇ ವರ್ಷ ಆರಕ್ಕೆ ಏರಿತು. ಪೈಪೋಟಿಯ ಪ್ರಯೋಜನವನ್ನು ತರಗತಿಯಲ್ಲಿ ರೇಖೆ ಎಳೆದು ತೋರಿಸುತ್ತಾರೆ. ನನಗೆ ಅದು ಮನಸ್ಸಿಗೆ ಹತ್ತಿದ್ದು ಈ ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ.

ಇವರಿಬ್ಬರೂ ಜಗಳದಲ್ಲಿ ಮುಳುಗಿದ್ದಾಗ ಮೂರನೆಯ ಕುಲವೊಂದು ಸದ್ದಿಲ್ಲದೆ ಬೆಳೆಯಿತು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಏಕಾರ್ನ್ ಎಂಬ ಚಿಕ್ಕ ಕಂಪೆನಿಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇವರು ವಿನ್ಯಾಸಗೊಳಿಸಿದ ಆರ್ಮ್ ಪ್ರೊಸೆಸರು ೧೯೮೫ರ ಏಪ್ರಿಲಿನಲ್ಲಿ ಮೊದಲ ಸಲ ಓಡಿತು. ಅದಕ್ಕೆಷ್ಟು ವಿದ್ಯುತ್ತು ಬೇಕೆಂದು ಅಳೆಯಹೋದಾಗ ಮಾಪಕ ಸೊನ್ನೆ ತೋರಿಸಿತಂತೆ. ನೋಡಿದರೆ ವಿದ್ಯುತ್ತಿನ ತಂತಿಯೇ ಕೂಡಿರಲಿಲ್ಲ. ಸಂಕೇತಗಳ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಿಂದಲೇ ಅದು ಕೆಲಸ ಮಾಡುತ್ತಿತ್ತು! ಇಂದು ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲುಗಳು ಹೆಚ್ಚುಕಡಮೆ ಎಲ್ಲವೂ ಈ ವಂಶದವು. ಜೇಬಿನಲ್ಲಿ ಫ್ಯಾನಿಗೆ ಸ್ಥಳವಿಲ್ಲವಷ್ಟೆ. ೨೦೦೬ರಿಂದ ಇಂಟೆಲಿನ ಗಿರಾಕಿಯಾಗಿದ್ದ ಆ್ಯಪಲ್ ೨೦೨೦ರ ನವೆಂಬರಿನಲ್ಲಿ ಎಂ೧ ಎಂಬ ತನ್ನದೇ ಆರ್ಮ್ ಚಿಪ್ಪನ್ನು ತಂದಾಗ, ಅದನ್ನಿಟ್ಟ ಒಂದು ಗಣಕಕ್ಕೆ ಫ್ಯಾನೇ ಇರಲಿಲ್ಲ.

ಹಳೆಯ ಮೋಹ ಪೂರ್ತಿ ಬಿಟ್ಟಿತೆನ್ನುವಂತಿಲ್ಲ. ಇಂಟೆಲ್ ೨೦೨೩ರಲ್ಲಿ ೬ ಗಿಗಾಹರ್ಟ್ಸಿನ, ೨೦೨೪ರಲ್ಲಿ ೬.೨ರ ಚಿಪ್ಪುಗಳನ್ನು ಮಾರಿತು. ಆ ಎರಡು ತಲೆಮಾರಿನ ಮೇಲ್ದರ್ಜೆಯ ಚಿಪ್ಪುಗಳಲ್ಲಿ ಕೆಲವು ಕಾಲಕ್ರಮದಲ್ಲಿ ತಪ್ಪತೊಡಗಿದುವು. ಮಿತಿಮೀರಿದ ವೋಲ್ಟೇಜು ಕಾರಣವೆಂದು ಕಂಪೆನಿಯೇ ೨೦೨೪ರಲ್ಲಿ ಹೇಳಿ, ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು.

ಇದೆಲ್ಲ ದೂರದ ಕ್ಯಾಲಿಫೋರ್ನಿಯಾದ ಮಾತೆಂದು ತಿಳಿಯಬಾರದು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದಂದಿನಿಂದ ಈ ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿದೆ. ೨೦೦೮ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಇಂಟೆಲಿನ ಆರು ಕೋರಿನ ಜಿಯಾನ್ ೭೪೦೦ ಬೆಂಗಳೂರಿನ ತಂಡದ ವಿನ್ಯಾಸ. ೨೦೨೩ರ ನವೆಂಬರಿನಲ್ಲಿ ಎ.ಎಂ.ಡಿ. ಪ್ರಪಂಚದಲ್ಲಿಯೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲಿಯೇ ತೆರೆಯಿತು. ದಾಯಾದಿಗಳಿಬ್ಬರ ಮಿದುಳೂ ಅಷ್ಟಿಷ್ಟು ನಮ್ಮ ಊರಿನ ನೀರು ಕುಡಿಯುತ್ತಿದೆ.

ಹದಿನಾಲ್ಕನೆಯ ದಿನ ಮೇಷ್ಟ್ರ ಬಳಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಕೇಳಿ, "ಸರಿ, ಮೂರು ಸಾಲಿನಲ್ಲಿ ಬರೆದುಕೊಡು, ಸಮಿತಿಯಲ್ಲಿ ಪುರಾಣ ಓದಲಾಗದು" ಎಂದರು. ಬರೆದುಕೊಟ್ಟೆ: ಪ್ರೊಸೆಸರಿನ ಪೂರ್ತಿ ಹೆಸರೂ ಅದು ಹೊರಬಂದ ವರ್ಷವೂ ಎಷ್ಟು, ಕೋರುಗಳೆಷ್ಟು, ಕಾವಿನ ವ್ಯಾಟೆಷ್ಟು, ನಮ್ಮ ಕನ್ನಡ ಬೆರಳಚ್ಚಿನ ಕಡತವನ್ನೂ ಅಂಕಪಟ್ಟಿಯ ಕಡತವನ್ನೂ ನಮ್ಮೆದುರಿಗೇ ತೆರೆದು ತೋರಿಸುವಿರಾ? ಮೂರು ಪ್ರಶ್ನೆಗಳನ್ನೂ ವ್ಯಾಪಾರಿಗಳಿಗೆ ಕಳುಹಿಸಲಾಯಿತು. ನಾನು ಬೆರಳಿಟ್ಟು ತೋರಿಸಿದ್ದ ಪಟ್ಟಿಯವರದು, ವಿಚಾರಿಸಿದಾಗ, ಆರು ವರ್ಷದಷ್ಟು ಹಳೆಯ ಎರಡು ಕೋರಿನ ಚಿಪ್ಪೆಂದು ತಿಳಿಯಿತು. ಉಳಿದ ಇಬ್ಬರಲ್ಲಿ ಒಬ್ಬರು ಯಂತ್ರವನ್ನು ತಂದು ತೋರಿಸಲು ಒಪ್ಪಿದ್ದಾರೆ. ಈ ಸಂಚಿಕೆ ಅಚ್ಚಿಗೆ ಹೋಗುವ ವೇಳೆಗೆ ಅವರು ಇನ್ನೂ ಬಂದಿಲ್ಲ. ಮೂಲೆಯ ಹಳೆಯ ಯಂತ್ರದ ಫ್ಯಾನನ್ನು ಅಟೆಂಡರರು ಬ್ರಷ್ಷಿನಿಂದ ಸ್ವಚ್ಛ ಮಾಡಿದ್ದಾರೆ, ಈ ಲೇಖನದ ಬೆರಳಚ್ಚು ಅದರಲ್ಲಿಯೇ ಆಯಿತು.